ಬಿಸಿಗಾಳಿ ಮತ್ತು ಊರಿನ ರಕ್ಷಣೆ

ಅತಿ ಶಾಖದ ದಿನಗಳಲ್ಲಿ ಜನ ಕಾಯಿಲೆ ಬೀಳದಂತೆ, ಪ್ರಾಣ ಕಳೆದುಕೊಳ್ಳದಂತೆ ಒಂದು ಊರು, ಕೇರಿ ಅಥವಾ ನಗರ ಒಟ್ಟಾಗಿ ಮಾಡಿಕೊಳ್ಳುವ ಏರ್ಪಾಡುಗಳು ಈ ಲೇಖನದ ವಿಷಯ. ಮುನ್ಸೂಚನೆ, ಕುಡಿಯುವ ನೀರು, ನೆರಳು, ಕೆಲಸದ ಹೊತ್ತಿನ ಬದಲಾವಣೆ, ಆಸ್ಪತ್ರೆಯ ಸಿದ್ಧತೆ, ಒಂಟಿಯಾಗಿರುವವರ ಯೋಗಕ್ಷೇಮ ವಿಚಾರಣೆ, ಚಾವಣಿಗೆ ಬಳಿಯುವ ಸುಣ್ಣ ಎಲ್ಲವೂ ಇದರಲ್ಲಿ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಉಲ್ಲೇಖಿಸುವ ಅಂದಾಜಿನಂತೆ 2000ದಿಂದ 2019ರವರೆಗೆ ಶಾಖಕ್ಕೆ ಸಂಬಂಧಿಸಿದ ಕಾರಣಗಳಿಂದ ವರ್ಷಕ್ಕೆ ಸುಮಾರು 4.89 ಲಕ್ಷ ಜನ ಸತ್ತರು. ಅವರಲ್ಲಿ ಶೇ 45ರಷ್ಟು ಮಂದಿ ಏಷ್ಯಾದವರು, ಶೇ 36ರಷ್ಟು ಮಂದಿ ಯುರೋಪಿನವರು. ತಂಪು ಹವೆಯ ಯುರೋಪಿನ ಪಾಲು ಇಷ್ಟು ದೊಡ್ಡದಿರುವುದೇ ಒಂದು ಸುಳಿವು. ಉಷ್ಣಾಂಶ ಎಷ್ಟಕ್ಕೆ ಏರಿತು ಎಂಬುದರಷ್ಟೇ, ಅದಕ್ಕೆ ಮನೆ, ಕೆಲಸ ಮತ್ತು ನೆರೆಹೊರೆ ಎಷ್ಟು ಅಣಿಯಾಗಿದ್ದವು ಎಂಬುದರ ಮೇಲೂ ಸಾವಿನ ಸಂಖ್ಯೆ ನಿಂತಿರುತ್ತದೆ.

ಅಳತೆ ಮತ್ತು ಎಚ್ಚರಿಕೆ

ಬಿಸಿಗಾಳಿ ಎಂದು ಸಾರಲು ಭಾರತೀಯ ಹವಾಮಾನ ಇಲಾಖೆ ಪ್ರದೇಶವಾರು ಮಿತಿಗಳನ್ನು ಇಟ್ಟುಕೊಂಡಿದೆ. ಗರಿಷ್ಠ ಉಷ್ಣಾಂಶ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್, ಕರಾವಳಿಯಲ್ಲಿ 37, ಬೆಟ್ಟಸೀಮೆಯಲ್ಲಿ 30 ಡಿಗ್ರಿ ಮುಟ್ಟಿರಬೇಕು. ಅದರ ಮೇಲೆ ವಾಡಿಕೆಗಿಂತ 4.5ರಿಂದ 6.4 ಡಿಗ್ರಿಯಷ್ಟು ಹೆಚ್ಚಿದ್ದರೆ ಬಿಸಿಗಾಳಿ, ಅದಕ್ಕೂ ಮೀರಿದರೆ ತೀವ್ರ ಬಿಸಿಗಾಳಿ. ಬಯಲಿನಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟಿದರೆ ವಾಡಿಕೆಯ ಲೆಕ್ಕ ನೋಡದೆಯೇ ಬಿಸಿಗಾಳಿ ಎಂದೂ 47 ಮುಟ್ಟಿದರೆ ತೀವ್ರ ಎಂದೂ ಪರಿಗಣಿಸುತ್ತಾರೆ. ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಸತತ ಎರಡು ದಿನ ಈ ಸ್ಥಿತಿ ಇದ್ದರೆ ಎರಡನೆಯ ದಿನ ಘೋಷಣೆ ಹೊರಬೀಳುತ್ತದೆ. ಭಾರತದಲ್ಲಿ ದಾಖಲಾದ ಅತಿ ಹೆಚ್ಚಿನ ಉಷ್ಣಾಂಶ ರಾಜಸ್ಥಾನದ ಫಲೋದಿಯದು: 2016ರ ಮೇ 19ರಂದು 51 ಡಿಗ್ರಿ.

ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕೊಡುವುದು ಈಗ ರೂಢಿ. ಆದರೆ ಬಣ್ಣ ಬದಲಾದಾಗ ಯಾರು ಏನು ಮಾಡಬೇಕು ಎಂಬುದು ಮೊದಲೇ ಗೊತ್ತಾಗಿರದಿದ್ದರೆ ಅದು ಪತ್ರಿಕೆಯ ಒಂದು ಸುದ್ದಿಯಾಗಿ ಮುಗಿಯುತ್ತದೆ. ನೀರಿನ ಟ್ಯಾಂಕರ್ ಯಾವ ಕೇರಿಗೆ ಹೋಗಬೇಕು, ಶಾಲೆ ಎಷ್ಟು ಗಂಟೆಗೆ ಬಿಡಬೇಕು, ಆಂಬುಲೆನ್ಸಿನಲ್ಲಿ ಐಸ್ ಪ್ಯಾಕ್ ಇದೆಯೇ ಎಂಬಂಥ ಸಣ್ಣ ಸಣ್ಣ ನಿರ್ಧಾರಗಳನ್ನು ಬೇಸಿಗೆಗೆ ಮುಂಚೆಯೇ ಬರೆದಿಟ್ಟುಕೊಳ್ಳುವ ದಾಖಲೆಗೆ ಬಿಸಿಗಾಳಿ ಕ್ರಿಯಾ ಯೋಜನೆ ಎನ್ನುತ್ತಾರೆ.

ದೇಹದೊಳಗೆ ಆಗುವುದು

ಮನುಷ್ಯನ ಒಳಮೈ ಸುಮಾರು 37 ಡಿಗ್ರಿಯಲ್ಲಿ ನಡೆಯುವಂಥದ್ದು. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಶಾಖ ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಮೈಯಿಂದ ಹೊರಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಅಂಥ ಉಪಯೋಗವಿಲ್ಲ. ರಾಯಚೂರಿನ ಒಣ ಝಳದಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗಿ ನೀರು, ಉಪ್ಪು ಖಾಲಿಯಾಗುತ್ತವೆ. ಮಂಗಳೂರಿನ ಸೆಖೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಅದಕ್ಕಾಗಿಯೇ ಕರಾವಳಿಯ 37 ಡಿಗ್ರಿಯನ್ನು ಬಯಲಿನ 40 ಡಿಗ್ರಿಯ ಜೊತೆ ಸಮವಾಗಿ ತೂಗುವುದು.

ಉಷ್ಣ ಮತ್ತು ತೇವ ಎರಡನ್ನೂ ಸೇರಿಸಿ ಅಳೆಯಲು ಒದ್ದೆ ಬಟ್ಟೆ ಸುತ್ತಿದ ತಾಪಮಾಪಕವನ್ನು ಬಳಸುತ್ತಾರೆ. ಅದು 35 ಡಿಗ್ರಿ ತೋರಿಸಿದರೆ ಆರೋಗ್ಯವಂತನೂ ನೆರಳಲ್ಲಿ ಕುಳಿತೇ ಕೆಲವು ಗಂಟೆಗಳಲ್ಲಿ ಸಾಯಬಹುದು ಎಂದು ಹವಾಮಾನ ವಿಜ್ಞಾನಿಗಳಾದ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರಲ್ಲಿ ವಾದಿಸಿದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುವಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳು ಆ ಮಿತಿಯನ್ನು ಇನ್ನೂ ಕೆಳಗಿಳಿಸಿದವು. ತೇವ ತುಂಬಿದ ವಾತಾವರಣದಲ್ಲಿ ಸುಮಾರು 31 ಡಿಗ್ರಿಗೇ ಅವರ ದೇಹ ಶಾಖ ಹೊರಹಾಕಲು ಸೋಲತೊಡಗಿತ್ತು.

ಬೆವರಿನ ಕೆಲಸ ಸಾಲದಾದಾಗ ಹೃದಯ ಚರ್ಮದ ಕಡೆಗೆ ಹೆಚ್ಚು ಹೆಚ್ಚು ರಕ್ತ ತಳ್ಳುತ್ತದೆ. ಮೂತ್ರಪಿಂಡಕ್ಕೆ, ಕರುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಸುಸ್ತು, ತಲೆಸುತ್ತು, ಸ್ನಾಯು ಸೆಳೆತ, ವಾಕರಿಕೆ ಮೊದಲ ಹಂತ. ಒಳಮೈ 40 ಡಿಗ್ರಿ ದಾಟಿ ಮಾತು ತಡವರಿಸಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ಆಗ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ರಾತ್ರಿಯಾದರೂ ಮನೆ ತಣಿಯದಿದ್ದರೆ ದೇಹಕ್ಕೆ ಚೇತರಿಸಿಕೊಳ್ಳುವ ಬಿಡುವು ಸಿಗದೆ, ಮರುದಿನದ ಬಿಸಿಲು ಹಿಂದಿನ ದಿನದ ದಣಿವಿನ ಮೇಲೆ ಬೀಳುತ್ತದೆ.

ಹೆಚ್ಚು ಅಪಾಯದಲ್ಲಿರುವವರು

ಒಂದೇ ಉಷ್ಣಾಂಶ ಎಲ್ಲರಿಗೂ ಒಂದೇ ತೆರನಾಗಿ ತಾಗುವುದಿಲ್ಲ. ವಯಸ್ಸಾದವರಲ್ಲಿ ಬೆವರೂ ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ಹಸುಗೂಸಿಗೆ ಬಾಯಾರಿದೆ ಎಂದು ಹೇಳಲು ಬರುವುದಿಲ್ಲ. ಬಸುರಿಯರು, ಹೃದಯ, ಮೂತ್ರಪಿಂಡ ಮತ್ತು ಸಕ್ಕರೆ ಕಾಯಿಲೆಯವರು, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಕೆಲವು ಮಾನಸಿಕ ಕಾಯಿಲೆಗಳ ಔಷಧಿ ತೆಗೆದುಕೊಳ್ಳುವವರು ಬೇಗ ಬಳಲುತ್ತಾರೆ. ಗಾರೆ ಕೆಲಸದವರು, ಹಮಾಲರು, ಪೌರಕಾರ್ಮಿಕರು, ಇಟ್ಟಿಗೆ ಭಟ್ಟಿಯವರು, ತಳ್ಳುಗಾಡಿ ವ್ಯಾಪಾರಿಗಳು, ಹೊಲದ ಕೂಲಿಗಳು ಬಿಸಿಲಿಗೆ ನೇರ ಒಡ್ಡಿಕೊಳ್ಳುವವರು. ತಗಡಿನ ಚಾವಣಿಯಡಿ ಬೀಡಿ ಕಟ್ಟುವ, ಹೊಲಿಗೆ ಹಾಕುವ, ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಂಗಸರನ್ನು ಈ ಪಟ್ಟಿಯಲ್ಲಿ ಮರೆಯುವುದೇ ಹೆಚ್ಚು.

ಮನೆಯೊಳಗೆ ಇದ್ದವರು ಕ್ಷೇಮ ಎಂಬುದೂ ನಿಜವಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2021ರ ಜೂನ್ ಕೊನೆಯ ಬಿಸಿಗಾಳಿಗೆ 619 ಮಂದಿ ಬಲಿಯಾದರು. ಆ ಪ್ರಾಂತ್ಯದ ಮರಣ ವಿಚಾರಣಾಧಿಕಾರಿಗಳ ವರದಿಯ ಪ್ರಕಾರ ಅವರಲ್ಲಿ ಶೇ 98ರಷ್ಟು ಮಂದಿ ಒಳಾಂಗಣದಲ್ಲೇ ಸತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಒಬ್ಬರೇ ವಾಸಿಸುತ್ತಿದ್ದರು.

ಚಿಕಾಗೊ 1995: ಎರಡು ಬಡಾವಣೆಗಳು

ಬಿಸಿಗಾಳಿಯನ್ನು ಹವಾಮಾನದ ಜೊತೆಗೆ ಸಮಾಜದ ಘಟನೆಯಾಗಿಯೂ ನೋಡುವ ಕ್ರಮಕ್ಕೆ ಬಲ ಬಂದದ್ದು ಚಿಕಾಗೊದಿಂದ. 1995ರ ಜುಲೈ 13ರಂದು ಅಲ್ಲಿ ಉಷ್ಣಾಂಶ 41 ಡಿಗ್ರಿ ಮುಟ್ಟಿತು, ತೇವವೂ ವಿಪರೀತವಿತ್ತು. ವಿದ್ಯುತ್ ಕೈಕೊಟ್ಟಿತು. ನೀರಿಗಾಗಿ ಜನ ಬೀದಿಯ ಅಗ್ನಿಶಾಮಕ ನಲ್ಲಿಗಳನ್ನು ತೆರೆದರು, ಕೆಲವು ಬಡಾವಣೆಗಳ ಕೊಳಾಯಿ ಬತ್ತಿತು. ಶವಾಗಾರದಲ್ಲಿ ಜಾಗ ಸಾಲದೆ ಶೈತ್ಯಾಗಾರದ ಲಾರಿಗಳನ್ನು ತರಿಸಿ ಅಂಗಳದಲ್ಲಿ ನಿಲ್ಲಿಸಬೇಕಾಯಿತು. ಆ ವಾರದ ಹೆಚ್ಚುವರಿ ಸಾವು, ಅಂದರೆ ವಾಡಿಕೆಗಿಂತ ಹೆಚ್ಚಾಗಿ ಆದ ಸಾವು, 739 ಎಂದು ಆಮೇಲೆ ಲೆಕ್ಕ ಹಾಕಿದರು.

ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ 2002ರ ತಮ್ಮ ಪುಸ್ತಕದಲ್ಲಿ ಒತ್ತೊತ್ತಿಗೇ ಇರುವ ಎರಡು ಬಡಾವಣೆಗಳನ್ನು ಎದುರುಬದುರು ಇಟ್ಟು ನೋಡಿದರು. ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್‌ಗಳಲ್ಲಿ ಒಂಟಿ ವೃದ್ಧರ ಪ್ರಮಾಣ, ಬಡ ವೃದ್ಧರ ಪ್ರಮಾಣ ಹತ್ತಿರಹತ್ತಿರ ಒಂದೇ. ಬಿಸಿಲಂತೂ ಒಂದೇ. ಸಾವಿನ ಪ್ರಮಾಣದಲ್ಲಿ ಮಾತ್ರ ಸುಮಾರು ಹತ್ತು ಪಟ್ಟು ಅಂತರ. ನಾರ್ತ್ ಲಾನ್‌ಡೇಲ್‌ನಲ್ಲಿ ಕಾರ್ಖಾನೆಗಳು ಮುಚ್ಚಿ, ಅಂಗಡಿಗಳು ಹೋಗಿ, ಖಾಲಿ ನಿವೇಶನಗಳ ನಡುವೆ ಉಳಿದ ಮುದುಕರು ಕಳ್ಳಕಾಕರ ಹೆದರಿಕೆಗೆ ಬಾಗಿಲು ಕಿಟಕಿ ಭದ್ರಪಡಿಸಿಕೊಂಡು ಒಳಗೇ ಇದ್ದರು. ಬಾಗಿಲು ತಟ್ಟಿದರೂ ತೆರೆಯಲು ಹಿಂಜರಿಕೆ. ಸೌತ್ ಲಾನ್‌ಡೇಲ್‌ನ ಬೀದಿಯಲ್ಲಿ ಅಂಗಡಿ ಸಾಲಿತ್ತು, ಜನಸಂದಣಿ ಇತ್ತು, ಚರ್ಚು ಹತ್ತಿರವಿತ್ತು. ಒಬ್ಬರೇ ಇದ್ದ ಮುದುಕರೂ ನಿರ್ಭಯವಾಗಿ ಹೊರಬಂದು ಹವಾನಿಯಂತ್ರಿತ ಅಂಗಡಿಯೊಳಗೆ ಹೊತ್ತು ಕಳೆಯಬಹುದಿತ್ತು. ಅಲ್ಲಿ ದಿನವೂ ಕಾಣುವ ಮುಖ ಒಂದು ದಿನ ಕಾಣದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಫಿಲಡೆಲ್ಫಿಯಾ ನಗರ ಈ ಪಾಠವನ್ನು ಎರಡು ವರ್ಷ ಮೊದಲೇ ಕಲಿತಿತ್ತು. 1993ರ ಬೇಸಿಗೆಯಲ್ಲಿ 118 ಮಂದಿ ಶಾಖಕ್ಕೆ ಸತ್ತ ಮೇಲೆ ಅದು 1995ರಲ್ಲಿ ಮುನ್ಸೂಚನೆಯನ್ನು ಆರೋಗ್ಯ ಸೇವೆಗೆ ಜೋಡಿಸಿದ ವ್ಯವಸ್ಥೆ ಆರಂಭಿಸಿತು. ಬೀದಿಗೊಬ್ಬರಂತೆ ಮೊದಲಿನಿಂದಲೂ ಇದ್ದ ಸ್ವಯಂಸೇವಕ ಮುಖ್ಯಸ್ಥರಿಗೆ ತಮ್ಮ ಬೀದಿಯ ವೃದ್ಧರನ್ನು ವಿಚಾರಿಸುವ ಕೆಲಸ ಬಂತು. ಸಲಹೆ ಕೇಳಲು ದೂರವಾಣಿ ಸಾಲು ತೆರೆಯಿತು. ಎಚ್ಚರಿಕೆಯ ದಿನಗಳಲ್ಲಿ ಬಿಲ್ ಬಾಕಿಯೆಂದು ವಿದ್ಯುತ್, ನೀರಿನ ಸಂಪರ್ಕ ಕಡಿಯುವುದು ನಿಂತಿತು. ಮೊದಲ ನಾಲ್ಕು ವರ್ಷಗಳಲ್ಲಿ ಇದು ಸುಮಾರು 117 ಜೀವ ಉಳಿಸಿತು ಎಂಬ ಅಂದಾಜಿದೆ. ಚಿಕಾಗೊ ಕೂಡ 1999ರ ಬಿಸಿಗಾಳಿಯ ವೇಳೆ ವೃದ್ಧರ ಮನೆಗಳಿಗೆ ಕರೆ ಮಾಡಿಸಿ, ಜನರನ್ನು ಕಳಿಸಿ ವಿಚಾರಿಸಿತು. ಆ ಸಲ ಸಾವಿನ ಸಂಖ್ಯೆ ಸುಮಾರು 110ಕ್ಕೆ ನಿಂತಿತು.

ಫ್ರಾನ್ಸ್ 2003

2003ರ ಆಗಸ್ಟ್‌ನ ಮೊದಲ ಮೂರು ವಾರಗಳಲ್ಲಿ ಫ್ರಾನ್ಸಿನಲ್ಲಿ ಸುಮಾರು 15,000 ಹೆಚ್ಚುವರಿ ಸಾವುಗಳಾದವು. ಆ ಬೇಸಿಗೆಯಲ್ಲಿ ಇಡೀ ಯುರೋಪಿನ ಲೆಕ್ಕ 70,000 ಮುಟ್ಟಿತು. ಆಗಸ್ಟ್ ಅಲ್ಲಿನ ರಜಾಕಾಲ; ಮಕ್ಕಳು ಮೊಮ್ಮಕ್ಕಳು ಸಮುದ್ರತೀರಕ್ಕೆ ಹೋಗಿದ್ದರು, ವೈದ್ಯರೂ ಅಧಿಕಾರಿಗಳೂ ರಜೆಯಲ್ಲಿದ್ದರು. ಪ್ಯಾರಿಸಿನ ಸತುವಿನ ತಗಡು ಹೊದಿಸಿದ ಮೇಲಂತಸ್ತಿನ ಕೋಣೆಗಳು ರಾತ್ರಿಯೂ ಕಾದಿರುತ್ತಿದ್ದವು. ಆರೋಗ್ಯ ಇಲಾಖೆಯ ಮಹಾನಿರ್ದೇಶಕ ಲೂಸಿಯೆನ್ ಅಬೆನ್‌ಹೈಮ್ ರಾಜೀನಾಮೆ ಕೊಟ್ಟರು.

ಮರುವರ್ಷವೇ ರಾಷ್ಟ್ರೀಯ ಬಿಸಿಗಾಳಿ ಯೋಜನೆ ಬಂತು. ವೃದ್ಧರು ಮತ್ತು ಅಂಗವಿಕಲರು ತಮ್ಮ ಹೆಸರು ಬರೆಸಬಹುದಾದ ಪಟ್ಟಿಯನ್ನು ಪ್ರತಿ ಊರಿನ ಮೇಯರ್ ಇಟ್ಟುಕೊಳ್ಳಬೇಕು, ಎಚ್ಚರಿಕೆ ಹೊರಟಾಗ ಅವರನ್ನು ಸಂಪರ್ಕಿಸಬೇಕು ಎಂದು ಕಾನೂನಾಯಿತು. ವೃದ್ಧಾಶ್ರಮಗಳಲ್ಲಿ ತಂಪು ಕೋಣೆಯೊಂದಿರಬೇಕು ಎಂಬ ನಿಯಮ ಬಂತು. ವೃದ್ಧರ ಆರೈಕೆಯ ಖರ್ಚಿಗೆಂದು ನೌಕರರು ವರ್ಷಕ್ಕೆ ಒಂದು ದಿನ ಹೆಚ್ಚುವರಿ ಸಂಬಳವಿಲ್ಲದೆ ದುಡಿಯುವ ‘ಸಹಭಾಗಿತ್ವ ದಿನ’ವೂ ಆಗಲೇ ಶುರುವಾದದ್ದು. 2006ರ ಜುಲೈನಲ್ಲಿ ಮತ್ತೆ ಬಿಸಿಗಾಳಿ ಬೀಸಿದಾಗ, ಆ ಉಷ್ಣಾಂಶಕ್ಕೆ ನಿರೀಕ್ಷಿಸಿದ್ದಕ್ಕಿಂತ ಸುಮಾರು 4,400 ಸಾವು ಕಡಿಮೆಯಾಗಿತ್ತು. ಕೆಲಸ ಮುಗಿದಿಲ್ಲವೆಂಬುದನ್ನು 2022 ತೋರಿಸಿತು: ಆ ಬೇಸಿಗೆಯಲ್ಲಿ ಯುರೋಪಿನಲ್ಲಿ 61,000ಕ್ಕೂ ಹೆಚ್ಚು ಜನ ಶಾಖಕ್ಕೆ ಬಲಿಯಾದರೆಂದು ಅಂದಾಜಾಯಿತು.

ಅಹಮದಾಬಾದ್ ಮಾದರಿ

ಭಾರತದಲ್ಲಿ ಈ ಹಾದಿಯನ್ನು ಮೊದಲು ತುಳಿದ ರಾಜ್ಯ ಒಡಿಶಾ. 1998ರಲ್ಲಿ ಅಲ್ಲಿ 2,042 ಮಂದಿ ಸತ್ತ ಮೇಲೆ ಶಾಲೆಯನ್ನು ಬೆಳಗಿನ ಹೊತ್ತಿಗೆ ತರುವುದು, ನಡುಮಧ್ಯಾಹ್ನ ಕೆಲಸ ಮತ್ತು ಬಸ್ ಸಂಚಾರಕ್ಕೆ ಕಡಿವಾಣ, ಹಳ್ಳಿಹಳ್ಳಿಯಲ್ಲಿ ತಿಳಿವಳಿಕೆ ಮುಂತಾದ ಕ್ರಮಗಳನ್ನು ಕೈಗೊಂಡರು. ನಗರವೊಂದು ಪೂರ್ಣ ಪ್ರಮಾಣದ ಯೋಜನೆ ಮಾಡಿದ್ದು ಮಾತ್ರ ಗುಜರಾತಿನ ಅಹಮದಾಬಾದಿನಲ್ಲಿ.

2010ರ ಮೇ 21ರಂದು ಅಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆ ತಿಂಗಳ ಸಾವುಗಳನ್ನು ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳಿನ ಜೊತೆ ಹೋಲಿಸಿ ನೋಡಿದಾಗ 1,344 ಹೆಚ್ಚುವರಿ ಸಾವು ಕಂಡವು. ಇದರಿಂದ ಎಚ್ಚೆತ್ತ ಮಹಾನಗರ ಪಾಲಿಕೆ ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಪರಿಸರ ಸಂಸ್ಥೆ ಎನ್‌ಆರ್‌ಡಿಸಿಯ ಜೊತೆ ಕೂಡಿ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. 41.1 ಡಿಗ್ರಿಯಿಂದ ಹಳದಿ, 43.1ರಿಂದ ಕಿತ್ತಳೆ, 45 ಮುಟ್ಟಿದರೆ ಕೆಂಪು. ಎಚ್ಚರಿಕೆ ಹೊರಟ ಕೂಡಲೇ ಒಬ್ಬ ಹೊಣೆಗಾರ ಅಧಿಕಾರಿ ಆಸ್ಪತ್ರೆ, 108 ಆಂಬುಲೆನ್ಸ್, ನೀರು ಸರಬರಾಜು, ಕಾರ್ಮಿಕ ಇಲಾಖೆ, ಮಾಧ್ಯಮ ಎಲ್ಲರಿಗೂ ತಿಳಿಸುತ್ತಾರೆ. ಮಧ್ಯಾಹ್ನ ಮುಚ್ಚುತ್ತಿದ್ದ ಉದ್ಯಾನಗಳು ತೆರೆದಿರುತ್ತವೆ, ಜನ ಸೇರುವಲ್ಲಿ ನೀರಿನ ಮಡಕೆಗಳು ಕೂರುತ್ತವೆ, ಆರೋಗ್ಯ ಕಾರ್ಯಕರ್ತೆಯರು ಕೊಳೆಗೇರಿಗಳಲ್ಲಿ ಓಆರ್‌ಎಸ್ ಪೊಟ್ಟಣ ಹಂಚುತ್ತಾರೆ.

ಈ ಯೋಜನೆಯ ಹಿಂದಿನ ಅತ್ಯಂತ ಸರಳ ಕಥೆ ಶಾರದಾಬೆನ್ ಆಸ್ಪತ್ರೆಯದು. ಅದರ ನವಜಾತ ಶಿಶುಗಳ ವಾರ್ಡು ಕಟ್ಟಡದ ಕಟ್ಟಕಡೆಯ ಮಹಡಿಯಲ್ಲಿತ್ತು. ಅದರ ಮೇಲೆ ಡಾಂಬರು ಹಾಕಿದ ಕಪ್ಪು ಚಾವಣಿ. 2010ರಲ್ಲಿ ಶಾಖದ ತೊಂದರೆಯಿಂದ ಅಲ್ಲಿಗೆ ಬಂದ ಕೂಸುಗಳ ದಾಖಲೆ ತೆಗೆದು ನೋಡಿದಾಗ, 42 ಡಿಗ್ರಿಯ ಮೇಲೆ ಏರಿದ ಒಂದೊಂದು ಡಿಗ್ರಿಗೂ ಅಂಥ ದಾಖಲಾತಿ ಶೇ 43ರಷ್ಟು ಹೆಚ್ಚಿತ್ತು. ಪರಿಹಾರಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ವಾರ್ಡನ್ನು ಕೆಳಗಿನ ಮಹಡಿಗೆ ಇಳಿಸಿದರು.

ಯೋಜನೆ ಜಾರಿಯಾದ ಮೇಲೆ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬಿಸಿಲು ಹೆಚ್ಚಿರುವ ರಾಜ್ಯಗಳೆಲ್ಲ ಒಂದೊಂದಾಗಿ ತಮ್ಮ ಯೋಜನೆ ಬರೆದುಕೊಂಡವು.

ಚಾವಣಿ, ಮರ, ತಂಪು ತಾಣ

ನಗರದ ಕಾಂಕ್ರೀಟು, ಡಾಂಬರು ಹಗಲೆಲ್ಲ ಶಾಖ ಹೀರಿ ರಾತ್ರಿ ಉಗುಳುತ್ತವೆ. ಇದಕ್ಕೆ ಅಗ್ಗದ ಮದ್ದು ಚಾವಣಿಯನ್ನು ಬೆಳ್ಳಗಾಗಿಸುವುದು. ಸುಣ್ಣ ಅಥವಾ ಶಾಖ ಹಿಂದಿರುಗಿಸುವ ಬಿಳಿ ಬಣ್ಣ ಬಳಿದರೆ ಮನೆಯೊಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿಯಷ್ಟು ಇಳಿಯುತ್ತದೆ. ಹೆಚ್ಚಿನ ಲಾಭ ತಗಡು, ಸಿಮೆಂಟ್ ಶೀಟಿನ ಒಂಟಿಕೋಣೆ ಮನೆಗಳಿಗೆ. ಅವುಗಳಲ್ಲಿ ಬಿಸಿಲಿಗೂ ಮಲಗಿದವರ ತಲೆಗೂ ನಡುವೆ ಇರುವುದು ಅದೊಂದೇ ಪದರ. ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿ ತಂದ ಮೊದಲ ರಾಜ್ಯವಾಯಿತು. 2028ರೊಳಗೆ 300 ಚದರ ಕಿಲೊಮೀಟರ್ ಚಾವಣಿ ಅದರ ಗುರಿ.

ಮರದ ನೆರಳನ್ನು ಬೆಂಗಳೂರಿನಲ್ಲೇ ಅಳೆದಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರಗಳಿರುವ ಮತ್ತು ಇಲ್ಲದ ರಸ್ತೆ ಭಾಗಗಳನ್ನು ಹೋಲಿಸಿದರು. ಮಧ್ಯಾಹ್ನದ ಗಾಳಿಯಲ್ಲಿ 5.6 ಡಿಗ್ರಿಯವರೆಗೆ, ಡಾಂಬರಿನ ಮೈಯಲ್ಲಿ 27.5 ಡಿಗ್ರಿಯವರೆಗೆ ವ್ಯತ್ಯಾಸ ಸಿಕ್ಕಿತು. ಚಪ್ಪಲಿ ಬಿಟ್ಟು ನಿಂತವರಿಗೆ, ಬೀದಿಯಲ್ಲಿ ತರಕಾರಿ ಹರಡಿ ಕೂತವರಿಗೆ ಎರಡನೆಯ ಅಂಕಿಯ ಅರ್ಥ ಚೆನ್ನಾಗಿ ಗೊತ್ತು.

ಮನೆ ತಣಿಸಲಾಗದವರಿಗೆ ಹೊರಗೆ ತಂಪು ಜಾಗ ಬೇಕು. ಬಾರ್ಸಿಲೋನಾ 2020ರಿಂದ ಗ್ರಂಥಾಲಯ, ಸಂಗ್ರಹಾಲಯ, ಶಾಲಾ ಅಂಗಳಗಳನ್ನು ‘ಹವಾಮಾನ ಆಶ್ರಯ’ಗಳೆಂದು ಗುರುತಿಸಿ ತೆರೆದಿಡುತ್ತಿದೆ. ಜಪಾನಿನಲ್ಲಿ 2024ರ ಏಪ್ರಿಲಿನಿಂದ ಸ್ಥಳೀಯ ಆಡಳಿತಗಳು ಇಂಥ ಕಟ್ಟಡಗಳನ್ನು ಗೊತ್ತುಮಾಡಿ, ವಿಶೇಷ ಎಚ್ಚರಿಕೆಯ ದಿನ ತೆರೆಯಲು ಕಾನೂನಿನ ಏರ್ಪಾಡಾಗಿದೆ. ಇಂಥ ತಾಣಗಳು ಕೆಲಸಕ್ಕೆ ಬರುವುದು ನಡೆದು ಹೋಗುವಷ್ಟು ಹತ್ತಿರವಿದ್ದಾಗ, ಕೂರಲು ಬೆಂಚು, ಕುಡಿಯಲು ನೀರು, ಶೌಚಾಲಯ ಇದ್ದಾಗ, ಒಳಬಂದವರನ್ನು ಯಾಕೆ ಬಂದಿರಿ ಎಂದು ಕೇಳದಿದ್ದಾಗ.

ದುಡಿಮೆಯ ಹೊತ್ತು

ಬಿಸಿಲಲ್ಲಿ ದುಡಿಯುವವರಿಗೆ ಮನೆಯಲ್ಲೇ ಇರಿ ಎಂಬ ಸಲಹೆ ಆ ದಿನದ ಕೂಲಿ ಬಿಡಿ ಎಂದಂತೆ. ಆದ್ದರಿಂದ ಹೊತ್ತು ಬದಲಿಸುವುದೇ ಮುಖ್ಯ ಉಪಾಯ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಕತಾರ್ 2021ರಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರವರೆಗೆ ಹೊರಗಿನ ಕೆಲಸ ನಿಲ್ಲಿಸಿತು. ಕರಾವಳಿ ಕರ್ನಾಟಕದಿಂದ ಕೊಲ್ಲಿಗೆ ದುಡಿಯಲು ಹೋದ ಕುಟುಂಬಗಳಿಗೆ ಈ ಮಧ್ಯಾಹ್ನದ ಬಿಡುವು ಪರಿಚಿತ ಸಂಗತಿ.

ಹೊಸದಾಗಿ ಬಿಸಿಲಿಗಿಳಿದವರು, ರಜೆ ಮುಗಿಸಿ ಬಂದವರು ಮೊದಲ ದಿನಗಳಲ್ಲೇ ಕುಸಿಯುವುದು ಹೆಚ್ಚು. ಮೈ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್ ಹೊಸಬರಿಗೆ ಮೊದಲ ದಿನ ಪೂರ್ಣ ಕೆಲಸದ ಶೇ 20ರಷ್ಟನ್ನು ಮಾತ್ರ ಕೊಟ್ಟು, ದಿನಕ್ಕೆ ಶೇ 20ರಂತೆ ಏರಿಸಲು ಹೇಳುತ್ತದೆ. ಬಾಯಾರುವವರೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು ಎಂಬುದೂ ಅದರದೇ ಸಲಹೆ.

ಕೂಲಿ ನಷ್ಟಕ್ಕೆ ವಿಮೆಯ ಪ್ರಯೋಗವೂ ನಡೆದಿದೆ. ಅಸಂಘಟಿತ ಮಹಿಳೆಯರ ಸಂಘಟನೆ ‘ಸೇವಾ’ 2023ರಲ್ಲಿ ಗುಜರಾತಿನ 5 ಜಿಲ್ಲೆಗಳ 21,000 ಸದಸ್ಯೆಯರಿಗೆ ಇದನ್ನು ಆರಂಭಿಸಿತು. ಉಷ್ಣಾಂಶ ನಿಗದಿತ ಮಿತಿ ದಾಟಿದರೆ ಅರ್ಜಿ, ತಪಾಸಣೆಗಳಿಲ್ಲದೆ ಹಣ ಬರಬೇಕು ಎಂಬುದು ಅದರ ಕ್ರಮ.

ಜನ ಸೇರುವ ಸಮಾರಂಭಗಳೂ ಹೊತ್ತು ನೋಡಿ ನಡೆಯಬೇಕು. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರಘರ್ ಬಯಲಿನಲ್ಲಿ ಪ್ರಶಸ್ತಿ ಪ್ರದಾನಕ್ಕೆ ಗಂಟೆಗಟ್ಟಲೆ ಬಿಸಿಲಲ್ಲಿ ಕುಳಿತವರಲ್ಲಿ 14 ಮಂದಿ ಸತ್ತರು.

ಕರ್ನಾಟಕದಲ್ಲಿ

ರಾಯಚೂರಿನಲ್ಲಿ 1928ರ ಮೇ 23ರಂದೇ 45.6 ಡಿಗ್ರಿ ದಾಖಲಾಗಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಆದೇಶ ಬೇಸಿಗೆ ಬಂದಂತೆ ಹೊರಬೀಳುತ್ತದೆ.

ಆ ಸೀಮೆಯ ಹಳೆಯ ಮನೆಗಳು ಬಿಸಿಲನ್ನು ಲೆಕ್ಕದಲ್ಲಿಟ್ಟುಕೊಂಡೇ ಎದ್ದವು. ದಪ್ಪ ಕಲ್ಲು ಅಥವಾ ಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಮೊಳದಷ್ಟು ಮಣ್ಣು ಹಾಕಿದ ಮಾಳಿಗೆ, ಚಿಕ್ಕ ಕಿಟಕಿ, ಮೇಲೊಂದು ಬೆಳಕಿಂಡಿ, ಕಾಲಿಗೆ ತಣ್ಣಗೆ ತಾಗುವ ಶಹಾಬಾದ್ ಕಲ್ಲಿನ ನೆಲ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಈಗ ಅದೇ ಊರುಗಳಲ್ಲಿ ಆರ್‌ಸಿಸಿ ಮತ್ತು ತಗಡು ಹೆಚ್ಚಾಗಿ, ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುವ ಮನೆಗಳಾಗಿವೆ. ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ಮತ್ತಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ.

ದಾರಿಹೋಕರಿಗೆ ನೀರುಣಿಸುವ ಅರವಟ್ಟಿಗೆ ಕನ್ನಡ ನಾಡಿನಲ್ಲಿ ಶಾಸನಗಳ ಕಾಲದಿಂದ ಬಂದ ಪುಣ್ಯಕಾರ್ಯ. ಬೇಸಿಗೆ ಬಂದರೆ ಇಂದಿಗೂ ಪೇಟೆಯ ವರ್ತಕರು, ಯುವಕ ಸಂಘಗಳು, ಮಠಗಳು ಬಸ್ ನಿಲ್ದಾಣದ ಬಳಿ ಚಪ್ಪರ ಹಾಕಿ, ಒದ್ದೆ ಗೋಣಿ ಸುತ್ತಿದ ಹರವಿಗಳಲ್ಲಿ ನೀರು ತುಂಬಿಸಿಡುತ್ತಾರೆ. ರಾಮನವಮಿಯ ಪಾನಕ, ನೀರುಮಜ್ಜಿಗೆ, ಕೋಸಂಬರಿ ಬಿಸಿಲೇರುವ ಹೊತ್ತಿಗೇ ಬರುತ್ತವೆ. ಮಜ್ಜಿಗೆ ಬೆರೆಸಿದ ಜೋಳದ ಅಥವಾ ರಾಗಿ ಅಂಬಲಿಗೆ ಉಪ್ಪು ಬಿದ್ದರೆ ಬೆವರಿನಲ್ಲಿ ಹೋದದ್ದರಲ್ಲಿ ಒಂದಷ್ಟು ಮರಳಿ ಬರುತ್ತದೆ. ಎಳನೀರು, ತಾಟಿನಿಂಗು, ಕಲ್ಲಂಗಡಿ, ಕರಾವಳಿಯ ಪುನರ್ಪುಳಿ ಶರಬತ್ತು ಇದೇ ಸಾಲಿಗೆ ಸೇರಿದವು. ಇವು ಬಾಯಾರಿಕೆಗೆ, ದಣಿವಿಗೆ ಒದಗುವಂಥವು, ಶಾಖಾಘಾತಕ್ಕೆ ಚಿಕಿತ್ಸೆಯಲ್ಲ. ಅರವಟ್ಟಿಗೆಯ ನೀರು ಶುದ್ಧವಿಲ್ಲದಿದ್ದರೆ ವಾಂತಿಭೇದಿ ಹರಡಿ ಒಳ್ಳೆಯ ಕೆಲಸವೇ ಕೇಡಾಗುವುದೂ ಉಂಟು.

ತಂಪು ನಗರವೆಂದು ಹೆಸರಾದ ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ ಕೊನೆಯಲ್ಲಿ ಮತ್ತೆ 38.5ಕ್ಕೆ ಏರಿತು. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ವಲಸೆ ಬಂದವರು ಅನೇಕರಿದ್ದಾರೆ. ಊರಿನ ಬಿಸಿಲು ಬಿಟ್ಟು ಬಂದ ಅವರು ಮಲಗುವುದು ತಗಡಿನ ಶೆಡ್ಡಿನಲ್ಲಿ. ಕರಾವಳಿಗಂತೂ 2025ರಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಬಿಸಿಗಾಳಿಯ ಎಚ್ಚರಿಕೆ ಬಂದಿತ್ತು.

ಕುಸಿದುಬಿದ್ದವರಿಗೆ ಮೊದಲ ನೆರವು

ಬಿಸಿಲಲ್ಲಿ ಒಬ್ಬರು ತಡವರಿಸಿ ಬಿದ್ದಾಗ ಮೊದಲ ಅರ್ಧ ಗಂಟೆ ಹತ್ತಿರ ಇರುವವರ ಕೈಯಲ್ಲಿರುತ್ತದೆ. 108ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಜೋರಾಗಿ ಗಾಳಿ ಹಾಕಬೇಕು. ಐಸ್ ಇದ್ದರೆ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಬೇಕು. ತೊಟ್ಟಿಯ ತಣ್ಣೀರಿನಲ್ಲಿ ತಲೆ ಮೇಲಿರುವಂತೆ ಹಿಡಿದು ಮುಳುಗಿಸಿಡುವುದು ಎಲ್ಲಕ್ಕಿಂತ ಬೇಗ ತಣಿಸುವ ವಿಧಾನ. ದುಡಿಯುವ ವಯಸ್ಸಿನವರಲ್ಲಿ ವೈದ್ಯರು ಇದನ್ನೇ ಮೊದಲು ಹೇಳುತ್ತಾರೆ. ಆಂಬುಲೆನ್ಸ್ ಬರುವವರೆಗೂ ತಣಿಸುವುದನ್ನು ನಿಲ್ಲಿಸಬಾರದು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಿದರೆ ಶ್ವಾಸನಾಳಕ್ಕೆ ಹೋಗಬಹುದು. ಜ್ವರದ ಮಾತ್ರೆಯಿಂದ ಇದು ಇಳಿಯುವುದಿಲ್ಲ, ಏಕೆಂದರೆ ಇದು ಜ್ವರವಲ್ಲ.

ಬರಿಯ ದಣಿವಾಗಿದ್ದರೆ ಓಆರ್‌ಎಸ್ ಸಾಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕೊರತೆಗಳು ಮತ್ತು ಲೆಕ್ಕ

ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 2023ರಲ್ಲಿ 18 ರಾಜ್ಯಗಳ 37 ಬಿಸಿಗಾಳಿ ಯೋಜನೆಗಳನ್ನು ಪರಿಶೀಲಿಸಿತು. ಯಾರಿಗೆ, ಎಲ್ಲಿ ಅಪಾಯ ಹೆಚ್ಚು ಎಂಬ ಮೌಲ್ಯಮಾಪನ ಮಾಡಿದ್ದವು ಎರಡೇ. ಬಹುಪಾಲು ಯೋಜನೆಗಳಿಗೆ ಹಣದ ಮೂಲವೇ ಗೊತ್ತಾಗಿರಲಿಲ್ಲ. ಒಣ ಉಷ್ಣಾಂಶವನ್ನೇ ನೆಚ್ಚಿಕೊಂಡು ತೇವವನ್ನೂ ಬಿಸಿ ರಾತ್ರಿಗಳನ್ನೂ ಬಿಟ್ಟುಬಿಟ್ಟವೂ ಇದ್ದವು. ಹಣದ ದಾರಿ ತೆರೆಯಲು ಕೇರಳ 2019ರಲ್ಲಿ, ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿದವು. ಹಾಗೆ ಘೋಷಿಸಿದರೆ ರಾಜ್ಯ ವಿಪತ್ತು ಪರಿಹಾರ ನಿಧಿಯ ಶೇ 10ರವರೆಗಿನ ಮೊತ್ತದಲ್ಲಿ ಇದಕ್ಕೂ ಖರ್ಚು ಮಾಡಬಹುದು.

ಸಾವಿನ ಎಣಿಕೆ ಎಲ್ಲೆಡೆ ತೊಡಕಿನದು. ಶಾಖದಿಂದ ಸತ್ತ ಹೆಚ್ಚಿನವರ ಮರಣಪತ್ರದಲ್ಲಿ ಹೃದಯಾಘಾತ ಎಂದೋ ಮೂತ್ರಪಿಂಡ ವೈಫಲ್ಯ ಎಂದೋ ಬರೆದಿರುತ್ತದೆ. ಬಿಸಿಗಾಳಿಯ ಸಾವೆಂದು ಒಪ್ಪಿಕೊಳ್ಳಲು ಆ ದಿನ ಆ ಜಾಗದ ಗರಿಷ್ಠ ಉಷ್ಣಾಂಶ, ಪಂಚನಾಮೆ ಅಥವಾ ಸಾಕ್ಷಿ, ಮರಣೋತ್ತರ ಪರೀಕ್ಷೆ, ಸ್ಥಳೀಯ ಅಧಿಕಾರಿಯ ವರದಿ ಮುಂತಾದವನ್ನು ರಾಷ್ಟ್ರೀಯ ಮಾರ್ಗಸೂಚಿ ಕೇಳುತ್ತದೆ. ಹೊಲದಲ್ಲಿ ನಾಲ್ಕು ಜನರ ಎದುರು ಬಿದ್ದವರಿಗೆ ಇದು ಹೇಗೋ ಒದಗಬಹುದು. ಶೀಟಿನ ಮನೆಯಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಏಳದ ಮುದುಕಿಗೆ ಒದಗುವುದು ಕಷ್ಟ. ಹಾಗಾಗಿಯೇ ತಜ್ಞರು ಊರಿನ ಜನನ–ಮರಣ ನೋಂದಣಿಯಿಂದ ಪ್ರತಿದಿನದ ಒಟ್ಟು ಸಾವು ತೆಗೆದು, ಉಷ್ಣಾಂಶದ ಪಕ್ಕದಲ್ಲಿಟ್ಟು ನೋಡುತ್ತಾರೆ. ಅಹಮದಾಬಾದಿನ 1,344, ಚಿಕಾಗೊದ 739 ಎರಡೂ ಹೀಗೆ ಸಿಕ್ಕ ಅಂಕಿಗಳು. ತನ್ನ ಊರಿನಲ್ಲಿ ಎಷ್ಟು ಡಿಗ್ರಿಗೆ ಸಾವು ಏರತೊಡಗುತ್ತದೆ ಎಂದು ತಿಳಿದು ಎಚ್ಚರಿಕೆಯ ಬಣ್ಣಗಳನ್ನು ಅಲ್ಲಿಂದ ಗೊತ್ತುಮಾಡಿಕೊಳ್ಳಲು ಯಾವುದೇ ನಗರಸಭೆಗೆ ಬೇಕಾದದ್ದು ಈ ಎರಡು ದಾಖಲೆಗಳು: ಹವಾಮಾನ ಕೇಂದ್ರದ ಉಷ್ಣಾಂಶ, ಮತ್ತು ದಿನದಿನಕ್ಕೆ ತಪ್ಪದೆ ತುಂಬಿದ ಮರಣ ವಹಿ.